ಒಣಗಿದ ಗೆರೆಯ ತುದಿಯಲ್ಲಿ

ಏಣಿಯ ಮೇಲೆ ನಿಂತು ಮೊಳೆ ಹೊಡೆಯುತ್ತಿದ್ದವನ ಬೆನ್ನು ಕಂಡ ಕೂಡಲೇ ಅವಳು ಬಾಗಿಲಲ್ಲೇ ನಿಂತುಬಿಟ್ಟಳು. ಕಂಕುಳಲ್ಲಿದ್ದ ಕಾಗದದ ಸುರುಳಿಗಳು ಒಂದೊಂದಾಗಿ ಜಾರಿ ನೆಲಕ್ಕೆ ಉರುಳಿದವು.

ಸದ್ದಿಗೆ ಅವನು ತಿರುಗಿದ.

ಅವನೇ! ಕಿವಿಯ ಬಳಿ ಕೂದಲು ನರೆತಿದೆ... ಆದರೆ ಅವನೇ.

"ನೀವಾ?"

"ಹೌದು. ನಿಮ್ಮ ಚಿಕ್ಕಮ್ಮ ಹೇಳಿರಲಿಲ್ವಾ?"

"ಹೊರಗಿನಿಂದ ಯಾರೋ ತೈಲಚಿತ್ರದವರು ಬರ್ತಾರೆ ಅಂದಿದ್ರು. ಅಷ್ಟೇ."

ಆ ಚಿತ್ರಶಾಲೆಯನ್ನು ನಡೆಸುತ್ತಿದ್ದ ಚಿಕ್ಕಮ್ಮ ಒಳಗಿನ ಕೋಣೆಯಿಂದ ಇಣುಕಿದರು. "ಯಾರು ಅಂತ ಹೇಳಿದ್ರೆ ನೀನು ಬರ್ತಿದ್ಯೇನೇ? ಜ್ವರ ಅಂತ ಮಲಗಿಬಿಡ್ತಿದ್ದೆ. ಎಡಗಡೆ ಗೋಡೆ ನಿಂದು, ಬಲಗಡೆದು ಅವನದು. ಜಗಳ ಆಡೋದಿದ್ರೆ ನಡುವೆ ನಿಂತ್ಕೊಂಡು ಆಡಿ, ಹಸಿ ಬಣ್ಣಕ್ಕೆ ಕೈ ತಾಗಿಸಬೇಡಿ!"

ಅಷ್ಟು ಹೇಳಿ ಮಾಯವಾದರು.

ಪ್ರದರ್ಶನಕ್ಕೆ ಆರಿಸಿದ್ದ ವಿಷಯ ಚಲನೆ. ಅವನ ಕ್ಯಾನ್ವಾಸ್‌ಗಳಲ್ಲಿ ಬಸ್ಸಿಗೆ ನುಗ್ಗುವ ಜನ, ನೀರನ್ನು ಸೀಳುವ ಈಜುಗಾರರು. ಬಣ್ಣ ಗೋಡೆಗೆ ಮೆತ್ತಿದ ಗಾರೆಯಷ್ಟು ದಪ್ಪ. ಅವಳದು ಬಿಳಿ ಕಾಗದ, ಕಪ್ಪು ಶಾಯಿ. ಹಗ್ಗ ಜಿಗಿಯುವ ಹುಡುಗಿ, ಮೇಲೇಳುವ ಹಕ್ಕಿಗಳು. ಒಮ್ಮೆ ಎಳೆದ ಗೆರೆಯನ್ನು ತಿದ್ದುವಂತಿಲ್ಲ.

ಹಿಂದೆ ಇಬ್ಬರೂ ಒಂದೇ ಬಾಡಿಗೆ ಕೋಣೆಯಲ್ಲಿ ಚಿತ್ರ ಬರೆಯುತ್ತಿದ್ದರು. ಒಂದು ದಿನ ಕುಂಚ ತೊಳೆಯುತ್ತಾ ಅವನು ಕೇಳಿದ್ದ, "ನನ್ನನ್ನ ಮದುವೆ ಆಗ್ತೀಯಾ?" ಅವಳ ತಾಯಿ ಆಗ ಹಾಸಿಗೆ ಹಿಡಿದಿದ್ದರು. ಬಾಯಿಗೆ ಬಾರದ ಉತ್ತರವನ್ನು ಅವಳು ಶಾಯಿಯ ಚಿತ್ರವಾಗಿ ಬರೆದು, ಅವನ ಮೇಜಿನ ಮೇಲಿಟ್ಟು ಆಸ್ಪತ್ರೆಗೆ ಓಡಿದ್ದಳು.

ತಾಯಿಯನ್ನು ಮಣ್ಣಿಗೊಪ್ಪಿಸಿ ಮರಳಿದಾಗ ಕೋಣೆಯಲ್ಲಿ ಅವನಿರಲಿಲ್ಲ. ಚಿತ್ರವೂ ಇರಲಿಲ್ಲ.

ಆಮೇಲಿನ ವರ್ಷಗಳಲ್ಲಿ ದಿನವೂ ಕೈ ಮುಗಿದಾಗ ಮೊದಲು ತಾಯಿಯ ಶಾಂತಿಯನ್ನು ಬೇಡುತ್ತಿದ್ದಳು, ಬಳಿಕ ಅವನ ಕ್ಷೇಮವನ್ನು. ಅವನು ಮರಳಿ ಬರಲಿ ಎಂದು ಬೇಡಲು ಮಾತ್ರ ಸ್ವಾಭಿಮಾನ ಬಿಡಲಿಲ್ಲ. ಆದರೆ ಬೇಡದ ಬೇಡಿಕೆಯೂ ಭಗವಂತನ ಕಿವಿಗೆ ಬೀಳದೆ ಇರುತ್ತದೆಯೇ?

"ಸಂಜೆ ರೈಲಿಗೆ ಹೊರಡ್ತೀನಿ," ಎಂದ ಅವನು, ಏಣಿಯಿಂದಿಳಿದು ಸುರುಳಿಗಳನ್ನು ಆಯ್ದುಕೊಡುತ್ತಾ. "ನಾಳೆ ಉದ್ಘಾಟನೆಗೆ ನೀವೊಬ್ಬರೇ ಇರಿ. ನಿಮಗೆ ಮುಜುಗರ ಆಗೋದು ಬೇಡ."

ಮತ್ತೆ ಹೋಗ್ತಾನೆ... ಏನೂ ಹೇಳದೆ! ಇವತ್ತು ಕೇಳದಿದ್ದರೆ ಇನ್ನೆಂದೂ ಇಲ್ಲ...

ಕೇಳಲು ಬಾಯಿ ತೆರೆದವಳ ಕಣ್ಣು ಹೊರಬಾಗಿಲ ಪಕ್ಕದ ಗೋಡೆಗೆ ಹೋಯಿತು. ಅಲ್ಲಿ ಅವಳದೇ ಆ ಹಳೆಯ ಚಿತ್ರ! ಒಂದು ತುದಿಯಲ್ಲಿ ಅವನ ಮನೆಯ ಬಾಗಿಲು. ಅದರ ಬಳಿ ಮಸುಕಾದ ಒಂದು ಹೆಣ್ಣಿನ ಆಕೃತಿ. ಬಾಗಿಲಿನಿಂದ ದೂರ ಸರಿದಂತೆ ಅದೇ ಆಕೃತಿ ಮತ್ತೆ ಮತ್ತೆ, ಹೆಚ್ಚು ಹೆಚ್ಚು ಕಪ್ಪಾಗಿ. ಮುಖವಿಲ್ಲ, ಬೆನ್ನಿಲ್ಲ, ಬರೀ ವೇಗ.

"ಇದನ್ನ... ಇಟ್ಕೊಂಡಿದ್ರಾ?"

"ಇದು ನಿಮ್ಮದು. ಪ್ರದರ್ಶನ ಮುಗಿದ ಮೇಲೆ ವಾಪಸ್ ತಗೊಳ್ಳಿ."

"ಅಷ್ಟು ಗೋಡೆ ಬಿಟ್ಟು ಇಲ್ಲಿ ಯಾಕೆ ಹಾಕಿದ್ರಿ?"

"ಇವಳು ಹೋಗೋಳಲ್ವಾ? ಹೋಗೋ ದಾರೀಲೇ ಇರಲಿ ಅಂತ."

"ಹೋಗೋಳು ಅಂತ ಯಾರು ಹೇಳಿದ್ದು?"

"ಚಿತ್ರಾನೇ ಹೇಳುತ್ತಲ್ಲ! ನನ್ನ ಬಾಗಿಲಿಂದ ಹೊರಟಿದ್ದಾಳೆ. ಮೊದಲು ತೆಳು, ಆಮೇಲೆ ಗಾಢ. ಚಿತ್ರ ಅಂದ್ರೆ ಹಾಗೇ ತಾನೇ ಶುರು ಮಾಡೋದು?"

ಅವಳು ಅವನನ್ನೇ ನೋಡಿದಳು. ಆಮೇಲೆ ಅವನ ಕ್ಯಾನ್ವಾಸ್‌ಗಳನ್ನು ನೋಡಿದಳು. ಮೊದಲು ತೆಳು ಬಣ್ಣ, ಕೊನೆಗೆ ದಪ್ಪ ಲೇಪ... ಅವನಿಗೆ ಗೊತ್ತಿದ್ದ ಕೆಲಸ ಅದೊಂದೇ!

"ಅಯ್ಯೋ ದಡ್ಡ!" ಎಂದಳು. ನಗುವೋ ಅಳುವೋ ಅವಳಿಗೇ ತಿಳಿಯಲಿಲ್ಲ. "ನೀನು ಎಣ್ಣೆ ಬಣ್ಣದ ಕಣ್ಣಲ್ಲಿ ನೋಡಿಬಿಟ್ಯಾ?"

ಚೀಲದಲ್ಲಿದ್ದ ಶಾಯಿಯ ಕುಪ್ಪಿ ತೆರೆದು, ಕುಂಚವನ್ನು ಒಮ್ಮೆ ಮಾತ್ರ ಅದ್ದಿ, ಸುರುಳಿ ಬಿಚ್ಚಿ ಹಾಸಿದ ಖಾಲಿ ಕಾಗದದ ಮೇಲೆ ಆಕೃತಿಯ ಪಕ್ಕ ಆಕೃತಿ ಬರೆಯುತ್ತಾ ಹೋದಳು. ಮೊದಲನೆಯದು ಕಾಡಿಗೆಯಂತೆ ಕಪ್ಪು. ಬರಬರುತ್ತಾ ಕುಂಚ ಒಣಗಿತು. ಕೊನೆಯದರಲ್ಲಿ ಕೂದಲೆಳೆಗಳ ಗೀರು ಮಾತ್ರ ಉಳಿಯಿತು.

"ಕಪ್ಪಿರೋದು ಮೊದಲು. ನಮ್ಮ ಮನೆಯಿಂದ ಹೊರಟಿದ್ದೆ ಕಣೋ... ನಿನ್ನ ಬಾಗಿಲಿಗೆ ಬರೋ ಹೊತ್ತಿಗೆ ಎಲ್ಲಾ ಖರ್ಚಾಗಿತ್ತು. ನನ್ನದು ಅಂತ ಏನೂ ಉಳಿಸ್ಕೊಂಡಿರಲಿಲ್ಲ."

ಅವನು ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕುಳಿತ.

"ಬರ್ತಿದ್ಯಾ...? ನೀನು ಬರ್ತಿದ್ಯಾ?"

"ಒಂದು ಮಾತು ಕೇಳೋಕೆ ಏನಾಗಿತ್ತು ನಿಂಗೆ?"

"ನೀನು ಅಮ್ಮನ್ನ ಕಳ್ಕೊಂಡಿದ್ದೆ. ಆ ಹೊತ್ತಲ್ಲಿ ಬಂದು, ನನ್ನನ್ನ ಯಾಕೆ ಬೇಡ ಅಂದೆ ಅಂತ ಕೇಳೋದಾ? ನನ್ನ ಮುಖ ಕಂಡ್ರೆ ನಿಂಗೆ ಇನ್ನೂ ನೋವು ಅಂದ್ಕೊಂಡೆ."

"ನಾನು ಏನಂದ್ಕೊಂಡೆ ಗೊತ್ತಾ? ಅಮ್ಮನ ಕಾಯಿಲೆ, ತಂಗಿ ಓದು, ಇಷ್ಟು ಭಾರದ ಹೆಣ್ಣು ಬೇಡ ಅಂತ ಹೆದರಿ ಓಡಿಹೋದ ಅಂತ... ನಿನ್ನನ್ನ ಬೈಯೋಕೂ ಆಗಲಿಲ್ಲ, ಮರೆಯೋಕೂ ಆಗಲಿಲ್ಲ."

ಅವನು ತಲೆ ತಗ್ಗಿಸಿದ. ಅವಳು ಅವನ ಎದುರು ನೆಲದ ಮೇಲೆ ಕುಳಿತು, ಬಣ್ಣ ಅಂಟಿದ ಆ ಕೈಗಳನ್ನು ತನ್ನ ಕೈಗಳಲ್ಲಿ ತೆಗೆದುಕೊಂಡಳು. ಹೀಗೆ ಹಿಡಿದುಕೊಳ್ಳಬೇಕೆಂದು ಎಷ್ಟು ಕಾಲದಿಂದ ಹಂಬಲಿಸಿದ್ದಳು!

ಒಳಗಿನಿಂದ ಚಿಕ್ಕಮ್ಮನ ದನಿ ಬಂತು. "ಏನ್ರೋ, ಸುತ್ತಿಗೆ ಸದ್ದೇ ಇಲ್ಲ! ಒಬ್ಬರನ್ನೊಬ್ಬರು ಕೊಂದು ಹಾಕಿಬಿಟ್ರಾ?"

ಇಬ್ಬರಿಗೂ ನಗು ಬಂತು. ನಗುತ್ತಲೇ ಅವಳ ಕಣ್ಣು ತುಂಬಿತು.

"ಇನ್ನೊಂದ್ಸಲ ಕೇಳ್ಲಾ?" ಎಂದ ಅವನು ಮೆಲ್ಲಗೆ.

"ಕೇಳು. ಈ ಸಲ ಕುಂಚ ಮುಟ್ಟಲ್ಲ."

"ನನ್ನನ್ನ ಮದುವೆ ಆಗ್ತೀಯಾ?"

"ಆಗ್ತೀನಿ."

"ಸ್ವಲ್ಪ ಜೋರಾಗಿ ಹೇಳು."

"ಚಿಕ್ಕಮ್ಮಂಗೆ ಕೇಳಿಸುತ್ತೆ!"

"ಕೇಳಿಸ್ಲಿ. ನಾನು ಮತ್ತೆ ತಪ್ಪು ತಿಳ್ಕೊಂಡ್ರೆ ತಿದ್ದೋಕೆ ಒಬ್ಬರು ಸಾಕ್ಷಿ ಬೇಡ್ವಾ?"