ಫೋಟೋದಲ್ಲಿ ಅಲುಗಾಡಿದ ಅಜ್ಜಿ

"ಇವರು ನಮ್ಮ ಅಜ್ಜನ ಅಜ್ಜ," ಎಂದು ಸ್ಟೂಲಿನ ಮೇಲೆ ನಿಂತು, ಗೋಡೆಯ ಫೋಟೋ ತೋರಿಸುತ್ತ ಗಿಲಕಿ ಶುರುಮಾಡಿದಳು. "ಇವರು ನಮ್ಮ ಅಜ್ಜನ..."

ಅಷ್ಟೇ. ಹೊಟ್ಟೆಯೊಳಗಿಂದ ನಗು ಗುಳುಗುಳು ಎದ್ದು ಬಂತು. ಸ್ಟೂಲಿನಿಂದ ಧುಮುಕಿ, ಕೊಡೆಬಟ್ಟೆಯ ರಾಶಿಯಲ್ಲಿ ಮುಖ ಮುಚ್ಚಿಕೊಂಡಳು.

"ಏನಾಯ್ತೇ?" ಎಂದರು ಅಜ್ಜ, ಹೊಲಿಯುತ್ತಿದ್ದ ಕೊಡೆಯಿಂದ ತಲೆ ಎತ್ತದೆ.

"ಏನಿಲ್ಲ ಅಜ್ಜ. ಸುಮ್ನೆ ಬಂತು."

ಅವಳ ನಗುವೇ ಹಾಗೆ, ಸುಮ್ಮನೆ ಬರುವಂಥದು. ಅದಕ್ಕೇ ಮನೆಯವರೆಲ್ಲ ಅವಳನ್ನು ಗಿಲಕಿ ಎನ್ನುತ್ತಿದ್ದರು. ಸ್ಕೂಲಿನಲ್ಲಿ ಮಾತ್ರ ಆ ನಗು ಅವಳನ್ನು ಎಷ್ಟೋ ಸಲ ಕ್ಲಾಸಿನ ಆಚೆ ನಿಲ್ಲಿಸಿತ್ತು.

ನಾಳೆ ಕ್ಲಾಸಿನಲ್ಲಿ ಮನೆತನದ ಕತೆ ಹೇಳುವ ಸರದಿ ಅವಳದು. ಕೇಳಲು ಅಜ್ಜ ಅಂಗಡಿ ಮುಚ್ಚಿ ಬರುವವರಿದ್ದರು. ಆದರೆ ಮಿಸ್ ಮೊದಲೇ ಹೇಳಿಬಿಟ್ಟಿದ್ದರು: ನಗು ಶುರುವಾಯಿತೋ, ಸೀದಾ ಹೋಗಿ ಬೆಂಚಿನ ಮೇಲೆ ಕೂರಬೇಕು.

ಕತೆಯೇನೋ ಅವಳಿಗೆ ಬಾಯಿಪಾಠ. ಸಾವಿರದ ಎಂಟುನೂರ ತೊಂಬತ್ತರ ಸುಮಾರಿಗೆ ಅಜ್ಜನ ಅಜ್ಜ, ಅಜ್ಜಿ, ಅಂದರೆ ಮನೆಯವರ ಬಾಯಲ್ಲಿ ಕೊಡೆಯಜ್ಜ, ಕೊಡೆಯಜ್ಜಿ, ಮದುವೆಯಾಗಿ ಇದೇ ಅಂಗಡಿ ಇಟ್ಟರು. ಕೊಡೆಯಜ್ಜ ಕಡ್ಡಿ ಬಗ್ಗಿಸಿ ಜೋಡಿಸುವವರು, ಕೊಡೆಯಜ್ಜಿ ಬಟ್ಟೆ ಕತ್ತರಿಸಿ ಕಡ್ಡಿಯ ತುದಿಗೆ ಹೊಲಿಯುವವರು. ತಮ್ಮ ಕೊಡೆ ಎಂಥ ಗಾಳಿಗೂ ಜಗ್ಗುವುದಿಲ್ಲ ಎಂದು ಕೊಡೆಯಜ್ಜ ಊರೆಲ್ಲ ಜಂಬ ಕೊಚ್ಚುತ್ತಿದ್ದರಂತೆ. ಇಬ್ಬರೂ ಫೋಟೋ ತೆಗೆಸಲು ಹೋದಾಗ ಸ್ಟುಡಿಯೋಗೂ ಒಂದು ಹೊಸ ಕೊಡೆ ಹೊತ್ತುಕೊಂಡೇ ಹೋಗಿದ್ದರು.

ಅಜ್ಜ ಎದ್ದು, ಗೋಡೆಯ ಮೇಲೆ ತೀರಾ ಎತ್ತರದಲ್ಲಿದ್ದ ಫೋಟೋ ಇಳಿಸಿಕೊಟ್ಟರು. ಗಾಜು ಹೊಗೆ ಹಿಡಿದಂತೆ ಮಂಕಾಗಿತ್ತು. ಕುರ್ಚಿಯಲ್ಲಿ ಕುಳಿತ ಕೊಡೆಯಜ್ಜಿಯ ಮುಖವಿರಬೇಕಾದ ಜಾಗದಲ್ಲಿ ಬೆಳ್ಳಗೆ ಕಲಸಿಹೋದ ಒಂದು ಮಸುಕು. ಗಿಲಕಿಯ ಅಣ್ಣ ಅವರಿಗೆ ದೆವ್ವಜ್ಜಿ ಎಂದೇ ಹೆಸರಿಟ್ಟಿದ್ದ. ಹಾಗೆ ಅಂದಾಗಲೆಲ್ಲ ಅಜ್ಜ ಎದ್ದು ಒಳಗೆ ಹೋಗಿಬಿಡುತ್ತಿದ್ದರು.

"ಆಗಿನ ಕ್ಯಾಮೆರಾ ಮುಂದೆ ಉಸಿರು ಬಿಗಿಹಿಡಿದು ಕೂರಬೇಕಿತ್ತು ಮಗಾ. ಅಲುಗಾಡಿದ್ರೆ ಕಲಸಿಹೋಗೋದು. ಇವಳು ಅಲುಗಾಡಿಬಿಟ್ಲು. ನಾನು ಹುಟ್ಟೋ ಹೊತ್ತಿಗೆ ಅವಳಿರಲಿಲ್ಲ. ಇರೋದು ಇದೊಂದೇ ಫೋಟೋ. ಮುಖ ಹೇಗಿತ್ತೋ ಏನೋ."

ಆ ಸಂಜೆ ಅಂಗಡಿಯ ಮಬ್ಬು ಬೆಳಕಿನಲ್ಲಿ ಗಿಲಕಿ ಕೂತು, ಹಬೆ ಊದಿ ಊದಿ ಗಾಜು ತಿಕ್ಕಿದಳು.

ಮರುದಿನ ಕ್ಲಾಸಿನ ಮುಂದೆ ನಿಂತಾಗ ಅವಳು ಒಳಗಿಂದ ಕೆನ್ನೆ ಕಚ್ಚಿಕೊಂಡಿದ್ದಳು. ಕಳೆದುಹೋದ ಹೊಸ ರಬ್ಬರು, ಲೆಕ್ಕದ ಟೆಸ್ಟು, ಹಲ್ಲಿನ ಡಾಕ್ಟರು, ದುಃಖದ್ದನ್ನೆಲ್ಲ ಸಾಲಾಗಿ ನೆನೆಸಿಕೊಂಡಳು. ಕತೆ ಸಲೀಸಾಗಿ ಸಾಗಿತು. ಹಿಂದಿನ ಬೆಂಚಿನಲ್ಲಿ ಮುದುಡಿ ಕೂತಿದ್ದ ಅಜ್ಜ ತಲೆದೂಗುತ್ತಿದ್ದರು.

"ಈ ಕೊಡೆ ಅವರ ಕೈಯಾರೆ ಮಾಡಿದ್ದು. ಎಂಥ ಗಾಳಿಗೂ..." ಎನ್ನುತ್ತ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ಬೆರಳಿಟ್ಟಳು.

ಬೆರಳು ಅಲ್ಲೇ ನಿಂತಿತು.

ಕೊಡೆಯ ಅಂಚಿನಲ್ಲಿ ಒಂದು ಕಡ್ಡಿ ಬಟ್ಟೆ ಬಿಟ್ಟು, ಕಾಗೆಯ ಕಾಲಿನಂತೆ ಸೆಟೆದು ನಿಂತಿತ್ತು. ಹೊಲಿಗೆ ಬಿಚ್ಚಿದ ಬಟ್ಟೆಯ ಮೂಲೆ ಕೊಡೆಯಜ್ಜಿಯ ಹಣೆಯ ಮುಂದೆಯೇ ಜೋತುಬಿದ್ದಿತ್ತು. ಪಕ್ಕದಲ್ಲಿ ಆ ಕೊಡೆ ಹಿಡಿದ ಕೊಡೆಯಜ್ಜ, ಏನೂ ಗೊತ್ತಿಲ್ಲದೆ, ಎದೆಯುಬ್ಬಿಸಿ ಮೀಸೆ ಹುರಿಮಾಡಿ ನಿಂತಿದ್ದರು.

ಹೊಲಿಗೆ ಹಾಕಿದವರು ಕೊಡೆಯಜ್ಜಿಯೇ!

ರಬ್ಬರು, ಟೆಸ್ಟು, ಹಲ್ಲಿನ ಡಾಕ್ಟರು ಯಾರೂ ಕೈಹಿಡಿಯಲಿಲ್ಲ. ನಗು ಕಟ್ಟೆಯೊಡೆದು ನುಗ್ಗಿತು. ಮಿಸ್ ಕುರ್ಚಿಯಿಂದ ಎದ್ದರು.

"ಮಿಸ್, ನಾನಲ್ಲ ಮಿಸ್," ಗಿಲಕಿ ಬಿದ್ದು ಬಿದ್ದು ನಗುತ್ತಲೇ ಹೇಳಿದಳು. "ಅಜ್ಜಿ. ಅಜ್ಜಿ ನಗ್ತಿದ್ದಾರೆ. ಅದಕ್ಕೇ ಕಲಸಿಹೋಗಿರೋದು."

ಫೋಟೋ ಕೈಯಿಂದ ಕೈಗೆ ಹೋಯಿತು. ಹೋದ ಬೆಂಚೆಲ್ಲ ನಕ್ಕಿತು. ಮಿಸ್ ನೋಡಿ, ಬೋರ್ಡಿನ ಕಡೆ ತಿರುಗಿಕೊಂಡರು. ಅವರ ಭುಜ ಕುಲುಕುತ್ತಿತ್ತು. ಕೂತುಕೋ ಎಂದು ಮಾತ್ರ ಅವರು ಹೇಳಲಿಲ್ಲ.

ಫೋಟೋ ಕೊನೆಗೆ ಅಜ್ಜನ ಕೈಗೆ ಬಂತು. ಅವರು ಕನ್ನಡಕ ಒರೆಸಿಕೊಂಡು ಕೊಡೆ ನೋಡಿದರು. ಆ ಬೆಳ್ಳನೆಯ ಮಸುಕನ್ನು ನೋಡಿದರು. ಆಮೇಲೆ ತಲೆಯೆತ್ತಿ, ಮುಂದೆ ನಿಂತಿದ್ದ ಗಿಲಕಿಯನ್ನೇ ನೋಡತೊಡಗಿದರು. ಕಲಸಿಹೋದ ಆ ಮುಖವನ್ನು ಇದೇ ಮೊದಲ ಸಲ ಕಂಡವರ ಹಾಗೆ.

ಬಾಯಿ ಮುಚ್ಚಿಕೊಳ್ಳಲು ಎತ್ತಿದ್ದ ಕೈಯನ್ನು ಗಿಲಕಿ ಮೆಲ್ಲಗೆ ಕೆಳಗಿಳಿಸಿದಳು. ಅಜ್ಜ ನೋಡಿ ಮುಗಿಸುವ ತನಕ ಅಲುಗಾಡದೆ, ಕೆನ್ನೆ ತುಂಬ ನಗುತ್ತ ನಿಂತಳು.