ಮೊಸಳೆಗೆ ಹೊದಿಸಿದ ಕಫನ್

೧೯೪೯ರ ಫೆಬ್ರವರಿ ೭ರ ಬೆಳಿಗ್ಗೆ ಬಳ್ಳಾರಿಯ ಬ್ರೂಸ್‌ಪೇಟೆಯ ಠಾಣೆಗೆ ಬಂದ ದೂರು ಕೇಳಿ ಕಾನ್‌ಸ್ಟೆಬಲ್ ಸುಂಕಪ್ಪ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಊರಿನ ಪ್ರಾಣಿ ವಸ್ತುಸಂಗ್ರಹಾಲಯದಿಂದ ಮೊಸಳೆ ಕಳುವಾಗಿತ್ತು. ಜೀವಂತ ಮೊಸಳೆಯಲ್ಲ, ತೊಗಲಿಗೆ ಹುಲ್ಲು ತುಂಬಿ ನಿಲ್ಲಿಸಿದ್ದು. ಇನ್ಸ್‌ಪೆಕ್ಟರ್ ಮೈಲಾರಲಿಂಗಪ್ಪನಿಗೂ ನಗು ಬಂತು. ಎಫ್.ಐ.ಆರ್. ಬರೆಯುವಾಗ ನಗುವುದು ಚೆಂದವಲ್ಲ ಎಂದು ನುಂಗಿಕೊಂಡ.

ಸ್ಥಳ ಪಂಚನಾಮೆಯ ಹೊತ್ತಿಗೆ ನಗು ತಾನಾಗೇ ಇಳಿಯಿತು. ಹಿಂದಿನ ಕಿಟಕಿಯ ಸರಳು ಬಗ್ಗಿಸಿ ಒಳಬಂದವನು ಮೊಸಳೆಯನ್ನಷ್ಟೇ ಒಯ್ದಿದ್ದ. ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಬೆಳ್ಳಿಯ ಕಾಲ್ಗಡಗ ಹಾಗೇ ಬಿದ್ದಿತ್ತು. ಅದೇನೆಂದು ಕೇಳಿದರೆ ಮೇಲ್ವಿಚಾರಕ ಜಡೆಪ್ಪ ಭಾರಿ ಉಮೇದಿನಿಂದ ವಿವರಿಸಿದ. ಎರಡು ವರ್ಷದ ಹಿಂದೆ ಸಿರುಗುಪ್ಪದ ಹೊಳೆಯಲ್ಲಿ ಈ ಮೊಸಳೆ ಒಂದು ಹುಡುಗಿಯನ್ನು ನುಂಗಿತ್ತು. ತಿಂಗಳ ಮೇಲೆ ಗುಂಡಿಟ್ಟು ಕೊಯ್ದಾಗ ಹೊಟ್ಟೆಯಲ್ಲಿ ಸಿಕ್ಕಿದ್ದು ಆ ಕಡಗ ಮಾತ್ರ. ಮೊಸಳೆಯ ಜಠರದ ಹುಳಿಗೆ ಎಲುಬೂ ಕರಗುತ್ತದೆ, ಬೆಳ್ಳಿ ಕರಗುವುದಿಲ್ಲ. ನೋಡಲು ಬಂದವರಿಗೆಲ್ಲ ಬೆತ್ತದಿಂದ ಅದರ ಹೊಟ್ಟೆ ತಟ್ಟಿ ತಟ್ಟಿ ಇದನ್ನೇ ಹೇಳುತ್ತಿದ್ದನಂತೆ.

"ಮಂದಿಗೆ ಭಾಳ ಸೇರತಿತ್ರಿ," ಎಂದ.

ಆ ಬೆತ್ತ ಕಸಿದು ಅವನ ಬೆನ್ನಿಗೇ ಎರಡು ಬಿಡಬೇಕು ಅನ್ನಿಸಿತು ಮೈಲಾರಲಿಂಗಪ್ಪನಿಗೆ.

ಬೆಳ್ಳಿ ಬಿಟ್ಟು ಹೋದವನು ಎಂಥ ಕಳ್ಳ? ಪೇಟೆಯೆಲ್ಲ ವಿಚಾರಿಸಲು ಹೋದ ಸುಂಕಪ್ಪ ಮಧ್ಯಾಹ್ನ ಸಪ್ಪೆ ಮೋರೆಯಲ್ಲಿ ತಿರುಗಿ ಬಂದ. ಬಟ್ಟೆ ವ್ಯಾಪಾರಿ ಸುಭಾನಸಾಬನ ಅಂಗಡಿಗೆ ಹಿಂದಿನ ದಿನ ಒಬ್ಬ ಕಫನಿನ ಬಟ್ಟೆ ಕೇಳಿಕೊಂಡು ಬಂದಿದ್ದ. ಗಂಡಸಿನ ಹೆಣಕ್ಕೆ ಮೂರು ತುಂಡು, ಹೆಂಗಸಿನದಕ್ಕೆ ಐದು. ಅವನು ಐದು ಹರಿಸಿದ್ದ. ಯಾರು ಹೋದರು ಎಂದರೆ ಮಗಳು ಅಂದ. ಯಾವಾಗ ಎಂದರೆ, ಎರಡು ವರ್ಷ ಆಯಿತು ಅಂದ. ಪಾಪ, ತಲೆ ಕೆಟ್ಟಿದೆ ಎಂದುಕೊಂಡು ಸುಭಾನಸಾಬ ಬಟ್ಟೆ ಕೊಟ್ಟು ಕಳಿಸಿದ್ದ.

ಮರುದಿನ ಸಂಜೆ ಕುರುಗೋಡಿನ ಗಾಡಿ ಹೊಡೆಯುವ ಹುಲುಗಪ್ಪನೂ ಸಿಕ್ಕ. ಬಿಳಿ ಬಟ್ಟೆಯಲ್ಲಿ ಸುತ್ತಿದ್ದನ್ನು ಹೆಣವೆಂದೇ ನಂಬಿ, ಸಿರುಗುಪ್ಪದವರೆಗೆ ಎತ್ತುಗಳ ಗೆಜ್ಜೆ ಬಿಚ್ಚಿಟ್ಟು ಹೊಡೆದಿದ್ದ.

ಫೆಬ್ರವರಿ ೯. ಸಿರುಗುಪ್ಪದಲ್ಲಿ ಹರಿಗೋಲು ಹಾಕುವ ಲಾಲಸಾಬ್, ಆ ಹುಡುಗಿಯ ಅಪ್ಪ, ಓಡಿಹೋಗಿರಲಿಲ್ಲ, ಮನೆ ಮುಂದೆಯೇ ಕೂತಿದ್ದ.

"ಮೊಸಳಿ ಎಲ್ಲೈತಿ?"

"ಖಬರಸ್ತಾನದಾಗ್ರಿ."

"ಬೆಳ್ಳಿ ಯಾಕ ಬಿಟ್ಟಿ?"

"ಅದನ್ನ ತಂದಿದ್ರ ಕಳ್ಳ ಆಕ್ಕಿದ್ನೆಲ್ರಿ."

ಮಗಳು ಅಕ್ತರಬಿ ಬಿಂದಿಗೆ ನೀರು ತರಲು ಹೊಳೆಗೆ ಹೋದವಳು ಮನೆಗೆ ಬರಲಿಲ್ಲ. ಮಣ್ಣು ಕೊಡಲು ಒಂದು ಎಲುಬಾದರೂ ಸಿಗಲಿಲ್ಲ. ಕಳೆದ ತಿಂಗಳು ಲಾಲಸಾಬ್ ಬಳ್ಳಾರಿಗೆ ಹೋದಾಗ ವಸ್ತುಸಂಗ್ರಹಾಲಯದಲ್ಲಿ ಮಂದಿಯ ಹಿಂದೆ ನಿಂತು ನೋಡಿದ್ದ. ಜಡೆಪ್ಪ ಮೊಸಳೆಯ ಹೊಟ್ಟೆ ತಟ್ಟಿದ, ಮಂದಿ ನಕ್ಕರು.

ಪಂಚರ ಎದುರು ಗೋರಿ ಅಗೆಸಿದರು. ಗೋರಿ ಮಗುವಿನದಲ್ಲ, ಒಂಬತ್ತಡಿ ಉದ್ದ. ಐದು ತುಂಡು ಬಟ್ಟೆಯನ್ನು ನಿಯಮದಂತೆ ಒಂದರ ಮೇಲೊಂದು ಸುತ್ತಿತ್ತು. ಬಿಚ್ಚಿದರೆ ಹೊಟ್ಟೆಯ ಹೊಲಿಗೆ ಹರಿದು ಹುಲ್ಲು ಹೊರಚೆಲ್ಲಿತು. ಅಲ್ಲೇ ನಿಂತಿದ್ದ ತಾಯಿ ಮದಾರಬೀ ಅದನ್ನು ನೋಡಿದಳು. ಮೈಲಾರಲಿಂಗಪ್ಪನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಒಳಗ ಬರೇ ಹುಲ್ಲೈತಿ ತಾಯಿ. ನಿನ್ನ ಮಗಳಿಲ್ಲ."

"ಗೊತ್ತೈತ್ರಿ ಸಾಹೇಬ್ರ," ಎಂದಳು ಮದಾರಬೀ. "ಅಕಿ ಇದ್ದ ಜಾಗದಾಗ ಇದು ಇತ್ತು. ಈ ಹುಲ್ಲಷ್ಟ ಬಿಟ್ಟು ಹೋಗ್ರಿ."

ಕಾಯಿದೆಯ ಪ್ರಕಾರ ಹುಲ್ಲೂ ಮುದ್ದೆಮಾಲೇ, ಕಳವಿನ ಸ್ವತ್ತೆಂದು ಜಪ್ತಿ ಮಾಡಬೇಕು. ಮೈಲಾರಲಿಂಗಪ್ಪ ಪಂಚರ ಮುಖ ನೋಡಿದ. ಆಮೇಲೆ 'ಮೊಸಳೆಯ ತೊಗಲು, ಒಂದು' ಎಂದಷ್ಟೇ ಬರೆಸಿ ಸಹಿ ಹಾಕಿಸಿದ. ಗಂಡಹೆಂಡಿರು ಒಂದು ಕಡ್ಡಿಯನ್ನೂ ಬಿಡದೆ ಹುಲ್ಲು ಆರಿಸಿ ಬಟ್ಟೆಯಲ್ಲಿ ಸುತ್ತಿ ಇಳಿಸಿದರು. ಪಂಚರೂ ಒಬ್ಬೊಬ್ಬರಾಗಿ ಮಣ್ಣು ಹಾಕಿದರು. ಸುಂಕಪ್ಪನೂ ಹಾಕಿದ.

ಎಲ್ಲ ಮುಗಿದ ಮೇಲೆ ಲಾಲಸಾಬ್ ತಾನೇ ಎದ್ದು ಬಂದು ಎರಡೂ ಕೈ ಚಾಚಿದ. ಬೇಡಿ ಹಾಕಿದರು.

ಆ ಸಂಜೆ ವರದಿಯಲ್ಲಿ ಕಳವಿನ ಉದ್ದೇಶ ಬರೆಯಬೇಕಾಯಿತು. ಮಗಳಿಗೆ ಮಣ್ಣು ಕೊಡುವುದು ಎಂದು ಬರೆದು ಮೈಲಾರಲಿಂಗಪ್ಪ ಕಡತ ಕಟ್ಟಿಟ್ಟ.