ಖಾಲಾಳ ಎಡಗೈ

ಖಾಲಾ, ಅಂದರೆ ಚಿಕ್ಕಮ್ಮ, ಖುರ್ಷೀದ್ ಬೀಯ ಎಡಗೈಯಲ್ಲಿದ್ದ ಚಿನ್ನದ ಬಳೆ ತನಗೆ ಬರುವುದಿಲ್ಲ ಎಂದು ತಿಳಿದ ದಿನವೇ ಮೊಯಿನ್ ಅದನ್ನು ಕದಿಯಲು ತೀರ್ಮಾನಿಸಿದ. ಶಿಕಾರಿಪುರದಲ್ಲಿ ಬೈಕಿನ ಸೀಟು ಹೊಲಿಯುವ ಅಂಗಡಿಯನ್ನು ಮುಚ್ಚಿಬಿಟ್ಟು, ಸೊರಬಕ್ಕೆ ಬಂದು, ಪಾರ್ಶ್ವವಾಯು ಹೊಡೆದ ಖಾಲಾಳ ಚಾಕರಿಗೆ ನಿಂತವನು ಅವನು. ಅವಳ ಮಗಳು ಸಬ್ರೀನ್ ಹಬ್ಬಕ್ಕೊಮ್ಮೆ ಬಂದು ಕಣ್ಣೀರು ಹಾಕಿ ಹೋಗುತ್ತಿದ್ದಳು. "ಬಳೆ ಸಬ್ರೀನಿಗೆ, ಬೇಟಾ," ಎಂದುಬಿಟ್ಟಳು ಖಾಲಾ. ಎತ್ತಿ ಕೂರಿಸಿ ಉಣ್ಣಿಸಿದವನಿಗೆ ಬರೀ ದುವಾದ ಹಾರೈಕೆ, ಅತ್ತು ಹೋದವಳಿಗೆ ಬಂಗಾರ. ಮೊಯಿನ್‌ಗೆ ಹೊಟ್ಟೆ ಉರಿಯಿತು. ಜಗಳವಾಡೋಣವೆಂದರೆ ಹಾಸಿಗೆ ಹಿಡಿದವಳ ಮೇಲೆ ಬಾಯಿ ಮಾಡುವುದು ಹೇಗೆ? ಬಿಟ್ಟು ಹೋಗೋಣವೆಂದರೆ ಹೋಗಲು ಜಾಗವೂ ಇಲ್ಲ.

ದಾರಿ ತೋರಿಸಿದವಳು, ಪಾಪ, ಹಗಲಿಗೆ ಬರುವ ನರ್ಸ್ ಚೈತ್ರಶ್ರೀ. ಮೊದಲ ದಿನವೇ ಖಾಲಾಳನ್ನು ಪರೀಕ್ಷಿಸಿ, "ಕಣ್ಣು ಸರಿ ಇದೆ ರೀ. ಆದ್ರೆ ಎಡಗಡೆ ಅನ್ನೋದೇ ಇವರ ತಲೆಗೆ ಹೋಗ್ತಿಲ್ಲ," ಎಂದಿದ್ದಳು. ನಿಜ. ತಟ್ಟೆಯ ಬಲಗಡೆಯ ಅನ್ನ ಮಾತ್ರ ಉಂಡು, ಇನ್ನೂ ಹಸಿವು ಎನ್ನುತ್ತಿದ್ದಳು ಖಾಲಾ. ಎಡಗೈ ತೋರಿಸಿ ಯಾರದೆಂದು ಕೇಳಿದರೆ, ಯಾರದೋ ಎನ್ನುತ್ತಿದ್ದಳು. ಮುಟ್ಟಿದರೆ ಗೊತ್ತಾಗದ, ಕಣ್ಣೆದುರಿದ್ದರೂ ಕಾಣದ ಕೈ. ಬಳೆ ಇದ್ದದ್ದು ಅದರಲ್ಲೇ.

ಮೊಯಿನ್ ಅವಸರ ಮಾಡಲಿಲ್ಲ. ಶಿಕಾರಿಪುರದಿಂದ ಅಂಥದ್ದೇ ಗಿಲೀಟಿನ ಬಳೆ ತಂದ. ನರ್ಸ್ ಬರುವ ಮೊದಲು, ಬೆಳಗಿನ ಹೊತ್ತು ಆ ಕೈಗೆ ಎಣ್ಣೆ ತಿಕ್ಕುವ ಕೆಲಸ ಅವನದೇ. ಸಂಜೆ ಅದೇ ಕೈ ತೊಳೆಯುವವಳು ರಾತ್ರಿ ನೋಡಿಕೊಳ್ಳುವ ನಿಂಗಮ್ಮ. ಅನುಮಾನ ಬಂದರೆ ಅವಳ ಮೇಲೆ ಬರಲಿ. ತಾನು ತಂದ ರೊಟ್ಟಿಯಲ್ಲಿ ಅವನಿಗೂ ಪಾಲು ಕೊಡುತ್ತಿದ್ದ ಹೆಂಗಸು ಅವಳು. ಅದು ನೆನಪಾದಾಗ ಅವನಿಗೆ ನಾಚಿಕೆಯಾಯಿತು. ಆದರೂ ಲೆಕ್ಕಾಚಾರ ಬದಲಾಗಲಿಲ್ಲ.

ಇತ್ತೀಚೆಗೆ ಚೈತ್ರಶ್ರೀ ಟೀ ಲೋಟವನ್ನು ಖಾಲಾಳ ಎಡಗಡೆಯೇ ಇಡುತ್ತಿದ್ದಳು, ಎಡಗಡೆಯೇ ನಿಂತು ಕರೆಯುತ್ತಿದ್ದಳು. ಹೇಳಿದ್ದನ್ನು ತಾನೇ ಮರೆತಳಲ್ಲ ಎಂದು ಅವನು ಒಳಗೊಳಗೇ ನಕ್ಕ. ಸಂಜೆ ಅವಳು ಹಾಸಿಗೆಯ ಪಕ್ಕ ನಿಂತು ಖಾಲಾ ಉಂಡದ್ದು, ಮಲಗಿದ್ದು, ಕೆಮ್ಮಿದ್ದು ಎಲ್ಲವನ್ನೂ ನಿಂಗಮ್ಮನಿಗೆ ಒಪ್ಪಿಸುವ ಹೊತ್ತಿಗೆ ಅವನು ಬಸ್ ಸ್ಟ್ಯಾಂಡಿನ ಕಡೆ ಹೊರಟುಬಿಡುತ್ತಿದ್ದ. ಆ ಪುರಾಣ ಯಾರಿಗೆ ಬೇಕು?

ಶುಕ್ರವಾರ ಬೆಳಿಗ್ಗೆ ಎಣ್ಣೆ ಹಚ್ಚಿದ ಕೈಯಿಂದ ಬಳೆ ಸಲೀಸಾಗಿ ಜಾರಿತು, ಅದರ ಜಾಗಕ್ಕೆ ಗಿಲೀಟಿನದು ಬಂತು. ಖಾಲಾ ಬಲಗೈಯಲ್ಲಿ ತಸ್ಬೀಹ್ ಮಣಿ ಎಣಿಸುತ್ತಿದ್ದಳು. ಅವಳ ಮುಖ ನೋಡುವ ಧೈರ್ಯ ಅವನಿಗಾಗಲಿಲ್ಲ. ಬೇರೆಯವರು ಕಂಡುಹಿಡಿಯುವ ಮೊದಲು ತಾನೇ ಹೇಳಿದರೆ ತನ್ನ ಮೇಲೆ ಅನುಮಾನ ಬಾರದು ಎಂದುಕೊಂಡು, ಸಂಜೆ ಅವನು ಹೊರಗೆ ಹೋಗಲಿಲ್ಲ.

"ಸಿಸ್ಟರ್, ಈ ಬಳೆ ನೋಡ್ರಿ. ನಮ್ಮ ಖಾಲಾದ್ದಲ್ಲ ಇದು. ನಿನ್ನೆ ಸಂಜೆ ಕೈ ತೊಳೆದಿದ್ದು ನಿಂಗಮ್ಮ ಅಲ್ವಾ?"

"ನಾನ್ಯಾಕಣ್ಣ ಮುಟ್ಲಿ..." ನಿಂಗಮ್ಮ ಅತ್ತೇಬಿಟ್ಟಳು. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮೊಯಿನ್‌ಗೆ ಅಲ್ಲಿ ನಿಲ್ಲಲಾಗಲಿಲ್ಲ, ಆಡಿದ ಮಾತನ್ನು ವಾಪಸು ತೆಗೆದುಕೊಳ್ಳಲೂ ಆಗಲಿಲ್ಲ.

ಚೈತ್ರಶ್ರೀ ಟೀ ಲೋಟವನ್ನು ಎಡಗಡೆ ಇಟ್ಟಳು. ಖಾಲಾ ತಾನಾಗಿಯೇ ಕತ್ತು ಎಡಕ್ಕೆ ತಿರುಗಿಸಿ, ಬಲಗೈ ಚಾಚಿ ಲೋಟ ತೆಗೆದುಕೊಂಡಳು. "ದಿನಾ ನಿಂಗಮ್ಮಂಗೆ ಇದನ್ನೇ ಹೇಳಿ ಹೋಗ್ತೀನಿ ರೀ," ಎಂದಳು ನರ್ಸ್. "ಎಡಗಡೆ ನಿಂತು ಮಾತಾಡ್ಸು, ಎಡಗಡೆನೇ ಕೊಡು, ತಿರುಗಿ ನೋಡೋದು ಕಲೀತಾರೆ ಅಂತ. ವಾರದಿಂದ ಚೆನ್ನಾಗಿ ನೋಡ್ತಿದಾರೆ. ಆ ಹೊತ್ತಿಗೆ ನೀವು ಮನೇಲಿ ಇರೋದೇ ಇಲ್ಲ." ಖಾಲಾಳ ಕಣ್ಣು ಲೋಟವನ್ನು ದಾಟಿ, ಎಡಗಡೆ ನಿಂತಿದ್ದ ಅವನ ಮುಖಕ್ಕೆ ಬಂದು ನಿಂತಿತು. "ಬೆಳಿಗ್ಗೆ ಎಣ್ಣೆ ಹಚ್ಚಿದ್ದು ನೀನಲ್ವಾ ಬೇಟಾ," ಎಂದಳು. "ಪಾಪ, ಅವಳನ್ನ ಯಾಕೆ ಅಳಿಸ್ತೀಯಾ?"